ಬ್ರಿಡ್ಜ್ ಕ್ಯಾಮೆರಾ ಕೊಳ್ಳುವ ಮೊದಲು: ಜೂಮ್ ಎಷ್ಟು, ತೂಕ ಎಷ್ಟು, ಬೆಳಕು ಎಷ್ಟು?

ಕಳೆದ ವರ್ಷ ಜನವರಿಯ ಒಂದು ಭಾನುವಾರ ಅಬ್ಬಾ ಜೊತೆ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಹೋಗಿದ್ದೆ. ಚಳಿಗಾಲದಲ್ಲಿ ಅಲ್ಲಿಗೆ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಬರುತ್ತವೆ ಎಂದು ಓದಿದ್ದೆ. ನನ್ನ ಕೈಯಲ್ಲಿ ಇದ್ದದ್ದು ಮೊಬೈಲ್ ಮಾತ್ರ. ಹೊಲದಲ್ಲಿ ಮೇಯುತ್ತಿದ್ದ ಹಿಂಡು ಪರದೆಯ ಮೇಲೆ ಎಳ್ಳು ಚೆಲ್ಲಿದಂತೆ ಕಾಣುತ್ತಿತ್ತು. ಇನ್ನೂ ನಾಲ್ಕು ಹೆಜ್ಜೆ, ಇನ್ನೂ ನಾಲ್ಕು ಹೆಜ್ಜೆ ಎಂದು ಮುಂದೆ ಹೋದೆ. ಇಡೀ ಹಿಂಡು ಒಮ್ಮೆಲೇ ಎದ್ದು ಹಾರಿತು. ಬದುವಿನ ಮೇಲೆ ಕುಳಿತಿದ್ದ ಹಿರಿಯ ರೈತರೊಬ್ಬರು, "ಯವ್ವಾ, ಅವು ಉಣ್ಣಾಕ ಬಂದಾವ, ನಿನ್ನ ಫೋಟೋಕ್ಕ ಅಲ್ಲ. ದೂರ ನಿಂದ್ರು," ಎಂದರು. ನನಗೆ ನಾಚಿಕೆಯಾಯಿತು. ಅವರ ಹೊಲದ ಬೆಳೆಯನ್ನೇ ಆ ಹಕ್ಕಿಗಳು ತಿನ್ನುತ್ತಿದ್ದವು. ಆದರೂ ಅವರು ಓಡಿಸಿರಲಿಲ್ಲ, ಓಡಿಸಿದ್ದು ನಾನು.

ದೂರ ನಿಂತೇ ತೆಗೆಯಬೇಕಾದರೆ ಜೂಮ್ ಇರುವ ಕ್ಯಾಮೆರಾ ಬೇಕು. ಮುಂದಿನ ಹತ್ತು ತಿಂಗಳು ನಾನು ಇದರ ಹಿಂದೆಯೇ ಬಿದ್ದಿದ್ದೆ. ಮೂರು ಕ್ಯಾಮೆರಾಗಳನ್ನು ಎರವಲು ತಂದು ನೋಡಿದೆ. ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಮ್ಮ ಕಾಲೇಜಿನಲ್ಲಿ ಪ್ರವಾಸ, ಹಕ್ಕಿ, ಕಾಡು ಎಂದು ಆಸೆ ಇರುವವರು ಬಹಳ ಮಂದಿ ಇದ್ದಾರೆ, ಹಣ ಮಾತ್ರ ಎಲ್ಲರ ಬಳಿಯೂ ಅಳತೆಯದ್ದು. ಅಂಥವರಿಗೆ ಇದು ಉಪಯೋಗವಾಗಲಿ.

ಬ್ರಿಡ್ಜ್ ಎಂದರೆ ಏನು?

ಒಂದು ಕಡೆ ಜೇಬಿನಲ್ಲಿ ಹಿಡಿಯುವ ಸಣ್ಣ ಕ್ಯಾಮೆರಾ, ಇನ್ನೊಂದು ಕಡೆ ಲೆನ್ಸ್ ಬದಲಾಯಿಸಬಹುದಾದ ದೊಡ್ಡ ಡಿಎಸ್‌ಎಲ್‌ಆರ್ ಅಥವಾ ಮಿರರ್‌ಲೆಸ್. ಇವೆರಡರ ನಡುವಿನ ಸೇತುವೆಯೇ ಬ್ರಿಡ್ಜ್ ಕ್ಯಾಮೆರಾ. ನೋಡಲು ದೊಡ್ಡ ಕ್ಯಾಮೆರಾದಂತೆ ಹಿಡಿಕೆ ಇರುತ್ತದೆ, ಕಣ್ಣಿಟ್ಟು ನೋಡುವ ವ್ಯೂಫೈಂಡರ್ ಇರುತ್ತದೆ. ಆದರೆ ಲೆನ್ಸ್ ಬಿಚ್ಚಲು ಬರುವುದಿಲ್ಲ. ಅದೇ ಒಂದು ಲೆನ್ಸ್ ಮಸೀದಿಯ ಪೂರ್ತಿ ಅಂಗಳವನ್ನೂ ಹಿಡಿಯುತ್ತದೆ, ಮಿನಾರಿನ ತುದಿಯಲ್ಲಿ ಕುಳಿತ ಪಾರಿವಾಳವನ್ನೂ ಹಿಡಿಯುತ್ತದೆ.

ಮೊದಲು ತೂಕ ನೋಡಿ

ನಾನು ಮೊದಲು ಎರವಲು ತಂದದ್ದು ಖಾಲಾ ಮಗನ ಡಿಎಸ್‌ಎಲ್‌ಆರ್. ಅವರು ಮದುವೆ ಫೋಟೋಗ್ರಾಫರ್. ಜೊತೆಗೆ 150-600 ಮಿ.ಮೀ. ಲೆನ್ಸ್ ಕೊಟ್ಟರು. ಇಂಥ ಲೆನ್ಸ್ ಒಂದೇ ಸುಮಾರು 2 ಕಿಲೋ ತೂಗುತ್ತದೆ. ಅಮ್ಮಿ ಅದನ್ನು ಎತ್ತಿ ನೋಡಿ, "ಬೇಟಾ, ಕಿತ್ತಾ ವಜನ್ ಹೈ ಇಸ್ಕಾ!" ಎಂದರು. ಬಸ್ಸಿನಲ್ಲಿ ತೊಡೆಯ ಮೇಲೆ, ಸ್ಕೂಟರ್‌ನಲ್ಲಿ ಅಬ್ಬಾ ಬೆನ್ನಿನ ಹಿಂದೆ, ನಡೆಯುವಾಗ ಹೆಗಲ ಮೇಲೆ. ಮಧ್ಯಾಹ್ನದ ಹೊತ್ತಿಗೆ ಮಣಿಕಟ್ಟು ನೋಯಲು ಶುರುವಾಯಿತು. ಕ್ಯಾಮೆರಾ ಚೀಲ ಸೇರಿತು. ಸಂಜೆ ಒಂದು ಮುಂಗುಸಿ ರಸ್ತೆ ದಾಟಿದಾಗಲೂ ಚೀಲದಲ್ಲೇ ಇತ್ತು. ಹೊರಲಾಗದ ಕ್ಯಾಮೆರಾ ಎಷ್ಟು ಒಳ್ಳೆಯದಾದರೂ ಉಪಯೋಗವಿಲ್ಲ.

ಬ್ರಿಡ್ಜ್ ಕ್ಯಾಮೆರಾಗಳಲ್ಲೂ ತೂಕ ಒಂದೇ ರೀತಿ ಇಲ್ಲ. ಕ್ಯಾನನ್ ಎಸ್‌ಎಕ್ಸ್70 ಸುಮಾರು 610 ಗ್ರಾಂ, ಪ್ಯಾನಸೋನಿಕ್ ಎಫ್‌ಝಡ್82 ಸುಮಾರು 616 ಗ್ರಾಂ. ನಿಕಾನ್ ಪಿ900 ಸುಮಾರು 900 ಗ್ರಾಂ, ಪಿ950 ಸುಮಾರು 1 ಕಿಲೋ. ನಿಕಾನ್ ಪಿ1000 ಮಾತ್ರ 1,415 ಗ್ರಾಂ. ಅಂಗಡಿಗೆ ಹೋಗುವ ಮೊದಲು ಮನೆಯಲ್ಲಿ ಒಂದು ಪರೀಕ್ಷೆ ಮಾಡಿ. ಒಂದು ಲೀಟರ್ ನೀರಿನ ಬಾಟಲಿ ತುಂಬಿ, ಕಣ್ಣಿನ ಮಟ್ಟಕ್ಕೆ ಎತ್ತಿ, ಎರಡು ನಿಮಿಷ ಅಲುಗಾಡದೆ ಹಿಡಿಯಿರಿ. ಆಮೇಲೆ ಅರ್ಧ ಬಾಟಲಿಯಿಂದ ಅದೇ ಪರೀಕ್ಷೆ ಮಾಡಿ. ನಿಮ್ಮ ಉತ್ತರ ನಿಮ್ಮ ಕೈಯೇ ಹೇಳುತ್ತದೆ.

'ಎಕ್ಸ್' ಲೆಕ್ಕ

ಡಬ್ಬಿಯ ಮೇಲೆ 60 ಎಕ್ಸ್, 65 ಎಕ್ಸ್, 83 ಎಕ್ಸ್, 125 ಎಕ್ಸ್ ಎಂದು ದೊಡ್ಡದಾಗಿ ಬರೆದಿರುತ್ತದೆ. ನಾವು ವಾಣಿಜ್ಯ ವಿದ್ಯಾರ್ಥಿಗಳು ಇದರಲ್ಲಿ ಮೋಸಹೋಗಬಾರದು. ಶೇಕಡಾ 100 ಲಾಭ ಎಂದರೆ ಯಾವ ಬಂಡವಾಳದ ಮೇಲೆ ಎಂದು ನಾವು ಕೇಳುತ್ತೇವಲ್ಲ? ₹10ರ ಮೇಲೆ ₹10, ₹1,000ದ ಮೇಲೆ ₹1,000. 'ಎಕ್ಸ್' ಕೂಡ ಹಾಗೆಯೇ. ಲೆನ್ಸಿನ ಅತಿ ಹೆಚ್ಚು ಉದ್ದವನ್ನು ಅತಿ ಕಡಿಮೆ ಉದ್ದದಿಂದ ಭಾಗಿಸಿದರೆ ಬರುವ ಸಂಖ್ಯೆ ಅದು, ಅಷ್ಟೆ. ಆದ್ದರಿಂದ ನೋಡಬೇಕಾದದ್ದು 35 ಮಿ.ಮೀ. ಫಿಲ್ಮ್ ಲೆಕ್ಕದಲ್ಲಿ ಕೊಡುವ ಕೊನೆಯ ಅಂಕಿ. ಎಫ್‌ಝಡ್82 20ರಿಂದ 1,200 ಮಿ.ಮೀ., ಎಸ್‌ಎಕ್ಸ್70 21ರಿಂದ 1,365, ಪಿ900 ಮತ್ತು ಪಿ950 24ರಿಂದ 2,000, ಪಿ1000 24ರಿಂದ 3,000.

ಇದನ್ನು ಅರ್ಥ ಮಾಡಿಕೊಳ್ಳಲು ನಾನು 50ರಿಂದ ಭಾಗಿಸುತ್ತೇನೆ. 50 ಮಿ.ಮೀ. ಲೆನ್ಸಿನ ನೋಟ ನಮ್ಮ ಸಾಮಾನ್ಯ ನೋಟಕ್ಕೆ ಹತ್ತಿರ. 1,200 ಭಾಗಿಸು 50 ಎಂದರೆ 24. ಅಂದರೆ 240 ಮೀಟರ್ ದೂರದ ಹೆಬ್ಬಾತು 10 ಮೀಟರ್ ದೂರದಲ್ಲಿ ಇದ್ದಂತೆ ಕಾಣುತ್ತದೆ. 2,000 ಆದರೆ 400 ಮೀಟರ್ ದೂರದ್ದು ಹಾಗೆ ಕಾಣುತ್ತದೆ.

ಡಿಜಿಟಲ್ ಜೂಮ್ ಎಂಬುದನ್ನು ಈ ಲೆಕ್ಕಕ್ಕೆ ಸೇರಿಸಬೇಡಿ. ಒಂದು ಅಂಗಡಿಯಲ್ಲಿ ಎರಡನ್ನೂ ಗುಣಿಸಿ ನನಗೆ ದೊಡ್ಡ ಸಂಖ್ಯೆಯೊಂದನ್ನು ಹೇಳಿದರು. ಡಿಜಿಟಲ್ ಜೂಮ್‌ನಲ್ಲಿ ಲೆನ್ಸ್ ಏನೂ ಮಾಡುವುದಿಲ್ಲ. ಇರುವ ಚಿತ್ರದ ನಡುಭಾಗವನ್ನೇ ಕತ್ತರಿಸಿ ಹಿಗ್ಗಿಸುತ್ತದೆ. ಆ ಕೆಲಸವನ್ನು ಮನೆಗೆ ಬಂದು ಕಂಪ್ಯೂಟರ್‌ನಲ್ಲೂ ಮಾಡಬಹುದು.

ಬೆಳಕಿನ ಲೆಕ್ಕ

ಎರಡನೆಯದಾಗಿ ನಮ್ಮ ಜೀವಶಾಸ್ತ್ರದ ಸರ್ ತಮ್ಮ ಪಿ900 ಕೊಟ್ಟರು. 2,000 ಮಿ.ಮೀ. ಇದೆ, ಇನ್ನೇನು ಬೇಕು ಎಂದು ದಾಂಡೇಲಿಗೆ ಹೋದೆ. ಬೆಳಿಗ್ಗೆ ಆರೂವರೆಗೆ ಮರದ ನೆರಳಲ್ಲಿ ಮಂಗಟ್ಟೆ ಹಕ್ಕಿ ಕಂಡಿತು. ಪೂರ್ತಿ ಜೂಮ್ ಮಾಡಿ ಇಪ್ಪತ್ತು ಫೋಟೋ ತೆಗೆದೆ. ಇಪ್ಪತ್ತೂ ಮಸುಕು.

ಕಾರಣ ಎರಡು. ಒಂದು, ಅಪರ್ಚರ್, ಅಂದರೆ ಬೆಳಕು ಒಳಗೆ ಬರುವ ಕಿಂಡಿ. ಇದನ್ನು ಎಫ್ ಸಂಖ್ಯೆಯಲ್ಲಿ ಹೇಳುತ್ತಾರೆ, ಸಂಖ್ಯೆ ಕಡಿಮೆಯಾದಷ್ಟೂ ಬೆಳಕು ಹೆಚ್ಚು. ಪಿ900ದಲ್ಲಿ ಜೂಮ್ ಮಾಡದಿದ್ದಾಗ ಎಫ್ 2.8, ಪೂರ್ತಿ ಜೂಮ್ ಮಾಡಿದಾಗ ಎಫ್ 6.5. ಇವೆರಡರ ನಡುವೆ ಬೆಳಕು ಐದು ಪಟ್ಟಿಗಿಂತ ಹೆಚ್ಚು ಕಡಿಮೆಯಾಗುತ್ತದೆ. ಪಿ1000ದಲ್ಲಿ ಕೊನೆಗೆ ಎಫ್ 8. ಬೆಳಕು ಕಡಿಮೆಯಾದರೆ ಶಟರ್ ಹೆಚ್ಚು ಹೊತ್ತು ತೆರೆದಿರಬೇಕು, ಅಷ್ಟರಲ್ಲಿ ಹಕ್ಕಿ ತಲೆ ತಿರುಗಿಸಿರುತ್ತದೆ. ಕೈ ನಡುಕವನ್ನು ಕ್ಯಾಮೆರಾದ ಸ್ಟೆಬಿಲೈಸರ್ ಸರಿಪಡಿಸಬಹುದು, ಹಕ್ಕಿಯ ಚಲನೆಯನ್ನು ಅದು ನಿಲ್ಲಿಸಲಾರದು.

ಎರಡು, ಸೆನ್ಸರ್. ಇದು ಬೆಳಕು ಬೀಳುವ ಅಂಗಳ. ಹೆಚ್ಚಿನ ಜೂಮ್ ಇರುವ ಬ್ರಿಡ್ಜ್ ಕ್ಯಾಮೆರಾಗಳಲ್ಲಿ ಸೆನ್ಸರ್ ಸುಮಾರು 6.2 ಮಿ.ಮೀ. ಅಗಲ, 4.6 ಮಿ.ಮೀ. ಎತ್ತರ. ಕಿರುಬೆರಳಿನ ಉಗುರಿಗಿಂತಲೂ ಚಿಕ್ಕದು. ಸೆನ್ಸರ್ ಇಷ್ಟು ಚಿಕ್ಕದಾದ್ದರಿಂದಲೇ ಲೆನ್ಸೂ ಚಿಕ್ಕದಾಗಿರಬಹುದು. ಪಿ900ದ ಲೆನ್ಸಿನ ನಿಜವಾದ ಫೋಕಲ್ ಉದ್ದ 357 ಮಿ.ಮೀ. ಮಾತ್ರ. ತೂಕ ಕಡಿಮೆ ಇರುವ ಗುಟ್ಟು ಇದೇ, ಕತ್ತಲಲ್ಲಿ ಚಿತ್ರ ಮರಳು ಮರಳಾಗುವ ಕಾರಣವೂ ಇದೇ. 'ಒಂದು ಇಂಚು' ಎಂದು ಕರೆಯುವ ಸೆನ್ಸರ್ 13.2 ಮಿ.ಮೀ. ಅಗಲ, 8.8 ಮಿ.ಮೀ. ಎತ್ತರ ಇರುತ್ತದೆ. ಕ್ಷೇತ್ರಫಲ ನಾಲ್ಕು ಪಟ್ಟು ಹೆಚ್ಚು. ಸೋನಿ ಆರ್‌ಎಕ್ಸ್10 ಮಾರ್ಕ್ 4ರಲ್ಲಿ ಇದಿದೆ, ಅಪರ್ಚರ್ ಕೂಡ ಎಫ್ 2.4ರಿಂದ 4. ಆದರೆ ಜೂಮ್ 600 ಮಿ.ಮೀ.ಗೆ ನಿಲ್ಲುತ್ತದೆ, ತೂಕ 1,095 ಗ್ರಾಂ, ಬೆಲೆಯಂತೂ ನಮ್ಮ ಲೆಕ್ಕಕ್ಕೆ ಸಿಗದು.

ಅಂದರೆ ಜೂಮ್, ಬೆಳಕು, ತೂಕ, ಬೆಲೆ ನಾಲ್ಕೂ ಒಟ್ಟಿಗೆ ಸಿಗುವುದಿಲ್ಲ. ಒಂದನ್ನು ಪಡೆಯಲು ಇನ್ನೊಂದನ್ನು ಬಿಡಬೇಕು. ಅರ್ಥಶಾಸ್ತ್ರದಲ್ಲಿ ಅವಕಾಶ ವೆಚ್ಚ ಎಂದು ಓದಿದ್ದು ಇದನ್ನೇ.

ನೀವು ಹೋಗುವುದು ಎಲ್ಲಿಗೆ?

ಅದಕ್ಕೇ 'ಯಾವ ಕ್ಯಾಮೆರಾ ಒಳ್ಳೆಯದು' ಎಂದು ಕೇಳುವ ಮೊದಲು 'ನಾನು ಹೆಚ್ಚಾಗಿ ಹೋಗುವುದು ಎಲ್ಲಿಗೆ, ಎಷ್ಟು ಹೊತ್ತಿಗೆ' ಎಂದು ಕೇಳಿಕೊಳ್ಳಿ.

ರಂಗನತಿಟ್ಟಿನಲ್ಲಿ ದೋಣಿ ಹಕ್ಕಿಗಳ ಹತ್ತಿರವೇ ಹೋಗುತ್ತದೆ. ಪಕ್ಷಿತಜ್ಞ ಸಲೀಂ ಅಲಿ ಅವರ ಸಲಹೆಯ ಮೇರೆಗೆ 1940ರಲ್ಲಿ ಪಕ್ಷಿಧಾಮವಾದ ಜಾಗ ಅದು. ಕಾಲೇಜು ಪ್ರವಾಸದಲ್ಲಿ ನಾನು ಅಲ್ಲಿ 400 ಮಿ.ಮೀ. ದಾಟಲೇ ಇಲ್ಲ. ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳು ಊರೊಳಗಿನ ಮರಗಳಲ್ಲೇ ಗೂಡು ಕಟ್ಟುತ್ತವೆ, ಅಲ್ಲಿಯೂ ದೊಡ್ಡ ಜೂಮ್ ಬೇಡ. ದಾಂಡೇಲಿಯಂಥ ಕಾಡಿಗೆ ಜೂಮ್‌ಗಿಂತ ಬೆಳಕು ಮುಖ್ಯ. ಅಂಥವರು ಪ್ಯಾನಸೋನಿಕ್ ಎಫ್‌ಝಡ್300 ನೋಡಬಹುದು. ಅದರ ಸೆನ್ಸರ್ ಚಿಕ್ಕದೇ, ಆದರೆ 600 ಮಿ.ಮೀ.ವರೆಗೂ ಎಫ್ 2.8 ಉಳಿಯುತ್ತದೆ, ತುಂತುರು ಮಳೆ, ಧೂಳನ್ನೂ ತಡೆಯುತ್ತದೆ. ತೂಕ ಸುಮಾರು 690 ಗ್ರಾಂ. ಮಾಗಡಿ ಕೆರೆ, ರಾಣೆಬೆನ್ನೂರಿನ ಕೃಷ್ಣಮೃಗಗಳ ಬಯಲು, ಇಂಥ ತೆರೆದ ಜಾಗಗಳಿಗೆ ಉದ್ದ ಜೂಮ್ ಬೇಕೇ ಬೇಕು.

ಆದರೆ ಅಲ್ಲಿಯೂ ಮಿತಿ ಇದೆ. ನವೆಂಬರ್ ಕೊನೆಗೆ ಸರ್ ಅವರ ಪಿ900 ತೆಗೆದುಕೊಂಡು ಮತ್ತೆ ಮಾಗಡಿಗೆ ಹೋದಾಗ ಬಸ್ಸು ತಡವಾಗಿ ಹನ್ನೊಂದು ಗಂಟೆಯಾಗಿತ್ತು. 2,000 ಮಿ.ಮೀ.ನಲ್ಲಿ ಹೆಬ್ಬಾತುಗಳು ಬಿಸಿ ಹಂಚಿನ ಮೇಲಿನ ಗಾಳಿಯಂತೆ ಅಲುಗಾಡುತ್ತಿದ್ದವು. ಕಾದ ನೆಲದಿಂದ ಏಳುವ ಬಿಸಿಗಾಳಿ ಬೆಳಕನ್ನು ಬಾಗಿಸುತ್ತದೆ. ದೂರ ಹೆಚ್ಚಿದಷ್ಟೂ ನಡುವೆ ಗಾಳಿ ಹೆಚ್ಚು, ಅಲುಗಾಟವೂ ಹೆಚ್ಚು. ಇದಕ್ಕೆ ಯಾವ ಕಂಪನಿಯ ಬಳಿಯೂ ಔಷಧ ಇಲ್ಲ. ಬೇಗ ಏಳುವುದೇ ಔಷಧ.

ನನ್ನ ಖಾತೆ ಪುಸ್ತಕ

ನನ್ನ ಬಳಿ ₹40,000 ಇತ್ತು. ಕೆಲವು ವರ್ಷಗಳ ಈದಿ, ಬೇಸಿಗೆಯಲ್ಲಿ ಬಟ್ಟೆ ಅಂಗಡಿಯ ಲೆಕ್ಕ ಬರೆದ ಸಂಬಳ, ಉಳಿದದ್ದು ದಮ್ಮಾಮ್‌ನಲ್ಲಿರುವ ಮಾಮೂ ಕೊಟ್ಟದ್ದು. ಅಷ್ಟನ್ನೂ ಹಾಕಿದ್ದರೆ ಹಳೆಯ 83 ಎಕ್ಸ್ ಸಿಗುತ್ತಿತ್ತು. ಆದರೆ ಪಿಯುಸಿ ಮುಗಿದ ಮೇಲೆ ಸಿಎ ಫೌಂಡೇಶನ್ ಕಟ್ಟಬೇಕೆಂದಿದ್ದೇನೆ. ಅಬ್ಬಾ ದರ್ಜಿ. ಶುಲ್ಕಕ್ಕೆ ಕಡಿಮೆ ಬಿದ್ದರೆ ಅವರು ರಾತ್ರಿ ಇನ್ನೂ ಎರಡು ಗಂಟೆ ಮಿಷನ್ ತುಳಿಯುತ್ತಾರೆ. ಅವರು ಬೇಡ ಎನ್ನಲಿಲ್ಲ, "ನಿನ್ನ ಹಣ, ನಿನ್ನ ಹಿಸಾಬ್," ಎಂದರು. ಆ ಮಾತೇ ನನಗೆ ಭಾರವಾಯಿತು.

ಅಕೌಂಟೆನ್ಸಿಯಲ್ಲಿ ಯಂತ್ರ ಕೊಂಡರೆ ಸಾಗಣೆ, ಅಳವಡಿಕೆ ವೆಚ್ಚವನ್ನೂ ಅದರ ಬೆಲೆಗೆ ಸೇರಿಸುತ್ತೇವೆ. ಹಾಗೆಯೇ ಕ್ಯಾಮೆರಾದ ಬೆಲೆಗೆ ಎರಡನೇ ಬ್ಯಾಟರಿ, ಮೆಮೊರಿ ಕಾರ್ಡ್, ಚೀಲ ಸೇರಿಸಿ. ಸವಕಳಿಯನ್ನೂ ಮರೆಯಬೇಡಿ. ಹೊಸದಾಗಿ ಕೊಂಡ ಕ್ಯಾಮೆರಾದ ಬೆಲೆ ಅಂಗಡಿಯ ಮೆಟ್ಟಿಲಿಳಿದ ಕೂಡಲೇ ಇಳಿಯುತ್ತದೆ. ಹೀಗೆ ಲೆಕ್ಕ ಹಾಕಿ ಕಳೆದ ಡಿಸೆಂಬರ್‌ನಲ್ಲಿ ಎರಡನೇ ಕೈಯ ಎಸ್‌ಎಕ್ಸ್70 ಕೊಂಡೆ. ಎಲ್ಲ ಸೇರಿ ₹28,000 ಆಯಿತು. ಉಳಿದ ₹12,000 ಬ್ಯಾಂಕಿನಲ್ಲಿದೆ.

ಹಳೆಯದನ್ನು ಕೊಳ್ಳುವಾಗ ಇಷ್ಟು ನೋಡಿ. ಜೂಮ್ ಪೂರ್ತಿ ಮುಂದೆ, ಪೂರ್ತಿ ಹಿಂದೆ ಹತ್ತು ಸಲ ಓಡಿಸಿ, ಶಬ್ದ ಕೇಳಿ. ಆಕಾಶ ಅಥವಾ ಬಿಳಿ ಗೋಡೆಯ ಫೋಟೋ ತೆಗೆದು ಕಲೆ ಇದೆಯೇ ನೋಡಿ. ಲೆನ್ಸ್ ಬಿಚ್ಚಲು ಬಾರದ್ದರಿಂದ ಒಳಗಿನ ಧೂಳು ನಾವೇ ತೆಗೆಯಲಾಗದು. ವ್ಯೂಫೈಂಡರ್‌ನಲ್ಲಿ ಕಣ್ಣಿಟ್ಟು ನೋಡಿ, ಏಕೆಂದರೆ ಬಿಸಿಲಲ್ಲಿ ಹಿಂದಿನ ಪರದೆ ಕಾಣುವುದಿಲ್ಲ. ಬಿಲ್ ಕೇಳಿ. ವಿದೇಶದಿಂದ ತರಿಸುವವರು ಅದರ ವಾರಂಟಿ ಇಲ್ಲಿ ನಡೆಯುತ್ತದೆಯೇ ಎಂದು ಮೊದಲೇ ವಿಚಾರಿಸಿ.

ಕೈಗೆ ಬಂದ ಮೇಲೆ

ಟ್ರೈಪಾಡ್ ಹೊತ್ತರೆ ಹಗುರ ಕ್ಯಾಮೆರಾ ಕೊಂಡ ಉದ್ದೇಶವೇ ಹೋಯಿತು. ಅಬ್ಬಾ ಉಳಿದ ಜೀನ್ಸ್ ಬಟ್ಟೆಯಲ್ಲಿ ಒಂದು ಸಣ್ಣ ಚೀಲ ಹೊಲಿದು ಕೊಟ್ಟರು, ಅಮ್ಮಿ ಅದಕ್ಕೆ ಒಂದು ಕಿಲೋ ಜೋಳ ತುಂಬಿಸಿದರು. ಬದು, ಕಲ್ಲು, ಕಾರಿನ ಕಿಟಕಿ, ಎಲ್ಲಿಟ್ಟರೂ ಕ್ಯಾಮೆರಾ ಅದರಲ್ಲಿ ಅಲುಗಾಡದೆ ಕೂರುತ್ತದೆ. ಚೀಲ ಖಾಲಿಯೇ ಒಯ್ದು ಅಲ್ಲಿಯ ಮಣ್ಣು ತುಂಬಿಸಿದರೂ ಆಗುತ್ತದೆ. ಚೀಲ ಇಲ್ಲದಾಗ ಮೊಣಕೈಗಳನ್ನು ಪಕ್ಕೆಗೆ ಒತ್ತಿ, ವ್ಯೂಫೈಂಡರ್ ಅನ್ನು ಹುಬ್ಬಿಗೆ ತಾಗಿಸಿ, ಉಸಿರು ಬಿಟ್ಟು ನಿಲ್ಲಿಸಿ ಕ್ಲಿಕ್ ಮಾಡಿ. ಐಎಸ್ಒ ಸಾಧ್ಯವಾದಷ್ಟು 400ರೊಳಗೆ ಇಡಿ. ಹಾರುವ ಹಕ್ಕಿಗೆ ಬ್ರಿಡ್ಜ್ ಕ್ಯಾಮೆರಾಗಳ ಫೋಕಸ್ ಸಾಮಾನ್ಯವಾಗಿ ನಿಧಾನ, ಕೂತ ಹಕ್ಕಿಯಿಂದ ಶುರು ಮಾಡಿ. ಮೊದಲು ಜೂಮ್ ಇಲ್ಲದೆ ಹಕ್ಕಿಯನ್ನು ಹುಡುಕಿ, ಆಮೇಲೆ ನಿಧಾನಕ್ಕೆ ಹತ್ತಿರ ತನ್ನಿ.

ಈ ಜನವರಿಯಲ್ಲಿ ಮತ್ತೆ ಮಾಗಡಿಗೆ ಹೋದೆವು. ಈ ಸಲ ಫಜರ್ ನಮಾಜು ಮುಗಿಸಿ ಕೂಡಲೇ ಸ್ಕೂಟರ್ ಏರಿದೆವು. ಮಾಗಡಿ ಕೆರೆ 2024ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿದೆ. ಮಂಗೋಲಿಯಾದಲ್ಲಿ ಕುತ್ತಿಗೆಗೆ ಗುರುತಿನ ಪಟ್ಟಿ ಹಾಕಿದ ಹೆಬ್ಬಾತುಗಳು ಕರ್ನಾಟಕದಲ್ಲಿ ಕಂಡಿವೆ. ಅಂಥದ್ದೊಂದು ಸಿಕ್ಕೀತೇ ಎಂದು ಹುಡುಕಿದೆ, ಸಿಗಲಿಲ್ಲ. ಆದರೆ ಈ ಸಲ ರಸ್ತೆ ಬದಿಯಲ್ಲೇ ಕುಳಿತು, ಜೋಳದ ಚೀಲದ ಮೇಲೆ ಕ್ಯಾಮೆರಾ ಇಟ್ಟು ಒಂದು ಗಂಟೆ ನೋಡಿದೆವು. ಹಿಂಡು ಎದ್ದು ಹೋಗಲಿಲ್ಲ. ಅಬ್ಬಾ ವ್ಯೂಫೈಂಡರ್‌ಗೆ ಕಣ್ಣಿಟ್ಟು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, "ತಲೆಯ ಹಿಂದೆ ಕಪ್ಪು ನೂಲಿನಲ್ಲಿ ಎರಡು ಹೊಲಿಗೆ ಹಾಕಿದ ಹಾಗಿದೆ," ಎಂದರು. ನಾನು ಪುಸ್ತಕದಲ್ಲಿ ಓದಿದ್ದ ಎರಡು ಪಟ್ಟೆಗಳು ಅವೇ.

ಯಾರಿಗಾದರೂ ಕ್ಯಾಮೆರಾ ಹಿಡಿದು ನೋಡಬೇಕಿದ್ದರೆ ಶನಿವಾರ ತರಗತಿ ಮುಗಿದ ಮೇಲೆ ಗ್ರಂಥಾಲಯದ ಮುಂದೆ ಸಿಗುತ್ತೇನೆ. ಕೊಳ್ಳುವ ಮೊದಲು ಒಮ್ಮೆ ಕೈಯಲ್ಲಿ ಹಿಡಿಯುವುದು ಒಳ್ಳೆಯದು.

– ದ್ವಿತೀಯ ಪಿಯುಸಿ ವಿದ್ಯಾರ್ಥಿನಿ, ವಾಣಿಜ್ಯ ವಿಭಾಗ