ಆಯಿಲ್ ಪಂಪ್ ಕೈಯಲ್ಲೇ ಕೂರಬೇಕು, ಬೋಲ್ಟ್‌ನಿಂದ ಅಲ್ಲ

ಈ ವಾರ ಗೊಬ್ಬರ, ಕೀಟ ಯಾವುದೂ ಇಲ್ಲ. ನನ್ನದೇ ಒಂದು ಎಡವಟ್ಟಿನ ಕಥೆ ಹೇಳ್ತೀನಿ. ಮನೆಯಲ್ಲಿ ಹಳೇ ಪೆಟ್ರೋಲ್ ಜೀಪೋ, ಪಿಕಪ್ಪೋ ಇದ್ದರೆ ಪೂರ್ತಿ ಓದಿ.

ನಮ್ಮ ತರಕಾರಿ ಹೊರುವ ಗಾಡಿ ಅಪ್ಪನ ಕಾಲದ ಮಹೀಂದ್ರ ಎಫ್‌ಸಿ 150. ಮೂತಿ ಇಲ್ಲದ, ಸೀಟುಗಳ ಮಧ್ಯೆ ಇಂಜಿನ್ ಕೂತಿರುವ ಪುಟ್ಟ ಲಾರಿ. ಮಹೀಂದ್ರ ಇದನ್ನು 1965ರಲ್ಲಿ ತಂದಿತು. ಒಳಗಿರೋದು ಜೀಪಿನದೇ ಹರಿಕೇನ್ ಪೆಟ್ರೋಲ್ ಇಂಜಿನ್, ಸುಮಾರು 2.2 ಲೀಟರ್. ಎಷ್ಟೋ ಜನ ಇಂಥ ಗಾಡಿಗಳಿಗೆ ಡೀಸೆಲ್ ಇಂಜಿನ್ ಹಾಕಿಸಿಕೊಂಡರು. ಅಪ್ಪ ಹಾಕಿಸಲಿಲ್ಲ, ನನಗೂ ಮನಸ್ಸಾಗಲಿಲ್ಲ.

ಒಂದು ಶುಕ್ರವಾರ ಕ್ರೇಟ್‌ಗಳನ್ನು ತುಂಬಿಕೊಂಡು ಬೆಂಗಳೂರಿಗೆ ಬಂದೆ. ಬಸವನಗುಡಿಯ ಮನೆಗಳಿಗೆ ಸಂಜೆ ಕೊಟ್ಟಾಯ್ತು. ಮಲ್ಲೇಶ್ವರದ ಬುಟ್ಟಿಗಳು ಶನಿವಾರ ಬೆಳಿಗ್ಗೆಗೆ. ರಾತ್ರಿ ಚಾಮರಾಜಪೇಟೆಯ ಸೋದರಮಾವನ ಮನೆ ಮುಂದೆ ಗಾಡಿ ನಿಲ್ಲಿಸಿದಾಗ ಕೆಳಗೆ ಎಣ್ಣೆ ತೊಟ್ಟಿಕ್ಕುತ್ತಿತ್ತು. ಬ್ಲಾಕಿನ ಎಡಪಕ್ಕದಲ್ಲಿರುವ ಆಯಿಲ್ ಪಂಪಿನ ಗ್ಯಾಸ್ಕೆಟ್ ಹರಿದಿತ್ತು.

"ಗ್ಯಾಸ್ಕೆಟ್ ತಾನೇ?" ಅಂದುಕೊಂಡು ಜೆ.ಸಿ. ರಸ್ತೆಗೆ ಓಡಿದೆ. ಅಂಗಡಿ ಮುಚ್ಚುವ ಹೊತ್ತಿಗೆ ಸಿಕ್ಕಿತು. ವಾಪಸ್ ಬಂದು ಪಂಪ್ ಬಿಚ್ಚಿದೆ. ಅಷ್ಟರಲ್ಲಿ ಪಕ್ಕದ ಮನೆಯವರ ಕಾರು ಹೊರಗೆ ಬರಬೇಕಿತ್ತು. ನಾನು ಕೈ ತೊಳೆಯೋಕೆ ಒಳಗೆ ಹೋಗಿದ್ದಾಗ ಭಾವ ಇನ್ನಿಬ್ಬರನ್ನು ಸೇರಿಸಿಕೊಂಡು ಲಾರೀನ ನಾಲ್ಕು ಅಡಿ ಮುಂದಕ್ಕೆ ತಳ್ಳಿದ್ರು. ಗಾಡಿ ಗೇರ್‌ನಲ್ಲಿತ್ತು. ಗೇರ್‌ನಲ್ಲಿ ಬಿಟ್ಟಿದ್ದು ನಾನು, ಹಾಗಾಗಿ ತಪ್ಪೂ ನನ್ನದೇ.

ತಳ್ಳಿದ್ದರಿಂದ ಏನಾಯ್ತು?

ಈ ಇಂಜಿನ್ನಿನಲ್ಲಿ ಕ್ಯಾಮ್‌ಶಾಫ್ಟಿನ ಓರೆ ಹಲ್ಲಿನ ಗೇರು ಆಯಿಲ್ ಪಂಪಿನ ಶಾಫ್ಟನ್ನು ತಿರುಗಿಸುತ್ತದೆ. ಆ ಶಾಫ್ಟಿನ ತುದಿಯಲ್ಲಿ ಒಂದು ಸೀಳು ಇದೆ. ಬಲಪಕ್ಕದಿಂದ ಇಳಿಯುವ ಡಿಸ್ಟ್ರಿಬ್ಯೂಟರಿನ ನಾಲಿಗೆ ಆ ಸೀಳಿನೊಳಗೆ ಕೂರುತ್ತದೆ. ಅಂದರೆ ಎಣ್ಣೆ ತಳ್ಳುವ ಶಾಫ್ಟೇ ಕಿಡಿಯ ಸಮಯವನ್ನೂ ನಡೆಸುತ್ತದೆ. ಪಂಪ್ ಹೊರಗಿದ್ದಾಗ ಇಂಜಿನ್ ತಿರುಗಿದರೆ ಕ್ಯಾಮ್ ಮುಂದೆ ಹೋಗುತ್ತದೆ, ಡಿಸ್ಟ್ರಿಬ್ಯೂಟರ್ ಇದ್ದಲ್ಲೇ ಇರುತ್ತದೆ. ಇಬ್ಬರ ಲೆಕ್ಕ ತಪ್ಪಿತು.

ನನಗೆ ಅದು ಹೊಳೆಯಲಿಲ್ಲ. ಪಂಪ್ ಒಳಗೆ ಹೋಯ್ತು, ಆದರೆ ಬ್ಲಾಕಿಗೆ ಅಂಟಲಿಲ್ಲ, ಮೂರು ನಾಲ್ಕು ಮಿಲಿಮೀಟರ್ ಸಂದು ಉಳೀತು. "ಬೋಲ್ಟ್ ಬಿಗಿದರೆ ಕೂರುತ್ತೆ" ಅಂತ ಸ್ಪ್ಯಾನರ್ ಹಾಕಿ ಅರ್ಧ ಸುತ್ತು ಎಳೆದೆ. ಒಳಗೆ ಏನೋ ಕಚ್ಚಿದಂತಾಯ್ತು, ಕೈ ಬಿಟ್ಟೆ. ಅವತ್ತು ನಾನು ಮಾಡಿದ ಒಂದೇ ಒಳ್ಳೇ ಕೆಲಸ ಅದು.

ಬೆಳಿಗ್ಗೆ ಹತ್ತಿರದ ಹಳೇ ಮೇಸ್ತ್ರಿಯೊಬ್ಬರು ಬಂದು ನೋಡಿದರು.

"ಬೋಲ್ಟ್‌ನಲ್ಲಿ ಎಳೆದ್ರಾ ಸಾರ್?"

"ಸ್ವಲ್ಪ, ಮೇಸ್ತ್ರಿ."

"ಸ್ವಲ್ಪಕ್ಕೇ ನಿಲ್ಲಿಸಿದ್ರಲ್ಲ, ಪುಣ್ಯ. ಇದು ಕೈಯಲ್ಲೇ ಕೂರಬೇಕು."

ಡಿಸ್ಟ್ರಿಬ್ಯೂಟರ್ ನಾಲಿಗೆಯ ಅಂಚು ಸ್ವಲ್ಪ ಜಜ್ಜಿಹೋಗಿತ್ತು. ಸಣ್ಣ ಅರದಿಂದ ಉಜ್ಜಿ ಸರಿ ಮಾಡಿದರು. ಮಾವಿನ ಕಸಿ ಕಟ್ಟೋದನ್ನು ನಾನು ನಾಲ್ಕು ವರ್ಷ ಕಾಲೇಜಿನಲ್ಲಿ ಕಲಿತವನು. ತೊಗಟೆಯ ಒಳಪದರಕ್ಕೆ ಒಳಪದರ ಕೂಡದಿದ್ದರೆ ಪಟ್ಟಿ ಎಷ್ಟು ಬಿಗಿದು ಸುತ್ತಿದರೂ ಕಸಿ ಹಿಡಿಯಲ್ಲ ಅಂತ ಹುಡುಗರಿಗೆ ಹೇಳಿಕೊಡ್ತೀನಿ. ನನ್ನ ಗಾಡಿಗೆ ಮಾತ್ರ ಆ ಪಾಠ ಮರೆತಿದ್ದೆ.

ಮತ್ತೆ ಕೂರಿಸುವ ಕ್ರಮ

1. ಬ್ಯಾಟರಿ ವೈರ್ ತೆಗೆಯಿರಿ. ನ್ಯೂಟ್ರಲ್, ಹ್ಯಾಂಡ್‌ಬ್ರೇಕ್, ಚಕ್ರಕ್ಕೆ ಕಲ್ಲು.

2. ಪಂಪ್ ಬಿಚ್ಚುವ ಮೊದಲೇ ಡಿಸ್ಟ್ರಿಬ್ಯೂಟರ್ ಕ್ಯಾಪ್ ತೆಗೆದು ರೋಟರ್ ಎತ್ತ ನೋಡುತ್ತಿದೆ ಅಂತ ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಇಂಜಿನ್ ತಿರುಗದಿದ್ದರೆ ಈ ಒಂದು ಫೋಟೋ ಸಾಕು, ನೇರ 5ಕ್ಕೆ ಹೋಗಿ.

3. ಇಂಜಿನ್ ತಿರುಗಿದ್ದರೆ ರೇಡಿಯೇಟರ್ ಕಡೆಯ ಮೊದಲ ಸಿಲಿಂಡರಿನ ಪ್ಲಗ್ ಬಿಚ್ಚಿ, ತೂತಿಗೆ ಬೆರಳಿಟ್ಟು ಇಂಜಿನ್ನನ್ನು ಕೈಯಿಂದ ನಿಧಾನ ತಿರುಗಿಸಿ. ಗಾಳಿ ಬೆರಳನ್ನು ತಳ್ಳಿದರೆ ಅದೇ ಕಂಪ್ರೆಷನ್. ಕ್ರ್ಯಾಂಕ್ ಎರಡು ಸುತ್ತು ಸುತ್ತಿದಾಗ ಕ್ಯಾಮ್ ಒಂದೇ ಸುತ್ತು ಸುತ್ತುತ್ತದೆ. ಹಾಗಾಗಿ ಪಿಸ್ಟನ್ ಎರಡು ಸಲ ಮೇಲೆ ಬರುತ್ತದೆ, ಒಂದು ಸಲ ಮಾತ್ರ ಸರಿ. ಆಮೇಲೆ ಟೈಮಿಂಗ್ ಗುರುತಿಗೆ ತಂದು ನಿಲ್ಲಿಸಿ.

4. ರೋಟರನ್ನು ಕ್ಯಾಪಿನ ಒಂದನೇ ವೈರಿನ ಕಡೆ ತಿರುಗಿಸಿಡಿ. ಕಿಡಿಯ ಕ್ರಮ 1-3-4-2.

5. ಸೀಳು ಶಾಫ್ಟಿನ ನಡುಮಧ್ಯೆ ಇಲ್ಲ, ಒಂದು ಪಕ್ಕ ಅಗಲ, ಒಂದು ಪಕ್ಕ ಕಿರಿದು. ನಾಲಿಗೆಯೂ ಹಾಗೇ. ಆದ್ದರಿಂದ ಒಂದೇ ರೀತಿಯಲ್ಲಿ ಕೂರುತ್ತದೆ. ಪಂಪ್ ಹಾಕುವ ಮೊದಲು ಆ ತೂತಿನೊಳಗೆ ಮೊಬೈಲ್ ಟಾರ್ಚ್ ಬಿಟ್ಟು ನಾಲಿಗೆ ಎತ್ತ ತಿರುಗಿದೆ ನೋಡಿಕೊಳ್ಳಿ.

6. ಪಂಪಿನೊಳಗೆ ಹೊಸ ಆಯಿಲ್ ತುಂಬಿಸಿ. ಒಣಗಿದ ಪಂಪ್ ಎಣ್ಣೆ ಎಳೆಯೋಕೆ ತಡಮಾಡುತ್ತದೆ.

7. ಗೇರಿನ ಹಲ್ಲು ಓರೆಯಾಗಿರುವುದರಿಂದ ಪಂಪ್ ಒಳಗೆ ಹೋಗುತ್ತಾ ಶಾಫ್ಟ್ ತಾನೇ ಸ್ವಲ್ಪ ತಿರುಗುತ್ತದೆ. ಆ ತಿರುವಿನಷ್ಟು ಹಿಂದಿಟ್ಟು ಶುರುಮಾಡಿ. ಕೂರದಿದ್ದರೆ ಹೊರಗೆ ತೆಗೆದು ಒಂದು ಹಲ್ಲು ಬದಲಿಸಿ. ನಮಗೆ ಮೂರನೇ ಸಲಕ್ಕೆ ಕೂತಿತು.

8. ಪಂಪಿನ ಮುಖ ಬ್ಲಾಕಿಗೆ ಕೈಯಿಂದಲೇ ಪೂರ್ತಿ ಅಂಟಬೇಕು. ಆಮೇಲೆ ಮಾತ್ರ ಬೋಲ್ಟ್.

ಸ್ಟಾರ್ಟ್ ಮಾಡುವ ಮುಂಚೆ

ನಾನು ಕೀಲಿ ತಿರುಗಿಸೋಕೆ ಹೋದಾಗ ಮೇಸ್ತ್ರಿ ಕೈ ಹಿಡಿದರು. ಎಲ್ಲ ಪ್ಲಗ್ ಬಿಚ್ಚಿಸಿ, ಕಾಯಿಲ್ ವೈರ್ ತೆಗೆಸಿ, ಸೆಲ್ಫ್ ಹೊಡೆಸಿದರು. ಹತ್ತತ್ತು ಸೆಕೆಂಡು, ನಡುವೆ ಬಿಡುವು. ನಾಲ್ಕನೇ ಸಲಕ್ಕೆ ಆಯಿಲ್ ಗೇಜಿನ ಮುಳ್ಳು ಎದ್ದಿತು. ಆಮೇಲೆ ಪ್ಲಗ್ ಹಾಕಿ, ಕಿಡಿಯ ಸಮಯ ಸರಿಮಾಡಿ ಸ್ಟಾರ್ಟ್ ಮಾಡಿದೆವು. ಈ ಇಂಜಿನ್ನಿಗೆ ಪಿಸ್ಟನ್ ತುದಿ ತಲುಪುವ 5 ಡಿಗ್ರಿ ಮುಂಚೆ ಕಿಡಿ ಬರಬೇಕು.

ಇಷ್ಟೆಲ್ಲ ಯಾಕೆ ಅಂದರೆ, ಎಣ್ಣೆ ಬರದೆ ಓಡಿದ ಇಂಜಿನ್ನಿನ ಬೇರಿಂಗ್ ಕೆಲವೇ ನಿಮಿಷದಲ್ಲಿ ಹಾಳಾಗುತ್ತದೆ. ನಮ್ಮ ಜೀಪ್ ಇಂಜಿನ್ ಒಂದು ಲೆಕ್ಕಕ್ಕೆ ಒಳ್ಳೇದು. ಪಂಪ್ ಶಾಫ್ಟ್ ತಿರುಗದಿದ್ದರೆ ಡಿಸ್ಟ್ರಿಬ್ಯೂಟರೂ ತಿರುಗಲ್ಲ, ಗಾಡಿ ಸ್ಟಾರ್ಟೇ ಆಗಲ್ಲ. ಅಮೆರಿಕದ ಹಳೇ ಫೋರ್ಡ್ ವಿ8 ಪಿಕಪ್‌ಗಳಲ್ಲಿ ಇದು ಉಲ್ಟಾ. ಅಲ್ಲಿ ಡಿಸ್ಟ್ರಿಬ್ಯೂಟರೇ ಒಂದು ಉದ್ದನೆಯ ಆರುಮೂಲೆ ಕಡ್ಡಿಯಿಂದ ಪಂಪನ್ನು ತಿರುಗಿಸುತ್ತದೆ. ಡಿಸ್ಟ್ರಿಬ್ಯೂಟರ್ ಎತ್ತಿದಾಗ ಆ ಕಡ್ಡಿ ಜೊತೆಗೇ ಅಂಟಿಕೊಂಡು ಮೇಲೆ ಬಂದು ಜಾರಿಬಿಡಬಹುದು. ಆಗ ಗಾಡಿ ಚೆನ್ನಾಗೇ ಸ್ಟಾರ್ಟ್ ಆಗುತ್ತದೆ, ಎಣ್ಣೆ ಮಾತ್ರ ಹರಿಯಲ್ಲ.

ನಿಮ್ಮದು ಡೀಸೆಲ್ ಆಗಿದ್ದರೆ ಪಂಪ್ ಜೋಡಣೆ ಬೇರೆ, ಅದರ ಮ್ಯಾನ್ಯುಯಲ್ ನೋಡಿ. ಆದರೆ ಗೇಜಿನ ನಿಯಮ ಟ್ರ್ಯಾಕ್ಟರಿಗೂ ಒಂದೇ. ಪಂಪ್ ಮುಟ್ಟಿದ ಮೇಲೆ ಪ್ರೆಶರ್ ಕಾಣುವ ತನಕ ಓಡಿಸಬೇಡಿ. ಸ್ಟಾರ್ಟ್ ಆದ ಮೇಲೆ ಮುಳ್ಳು ಬಿದ್ದರೆ ಆಗಲೇ ಆಫ್ ಮಾಡಿ.

ಬಿಡಿಭಾಗಕ್ಕೆ ಜೆ.ಸಿ. ರಸ್ತೆ, ಕಲಾಸಿಪಾಳ್ಯ ಕಡೆ ಹೋಗುವುದಾದರೆ ಹಳೇ ಗ್ಯಾಸ್ಕೆಟ್ ಜೇಬಿನಲ್ಲಿರಲಿ. ಗಾಡಿ ಹೆಸರು ಹೇಳಿ ಕೇಳೋದಕ್ಕಿಂತ ಹಳೇ ತುಂಡು ತೋರಿಸಿದರೆ ಸರಿಯಾದ ದಪ್ಪದ್ದು ಸಿಗುತ್ತದೆ.

ಮಲ್ಲೇಶ್ವರದ ಬುಟ್ಟಿಗಳು ತಲುಪಿದ್ದು ಮಧ್ಯಾಹ್ನ ಎರಡಕ್ಕೆ. ಸೊಪ್ಪು ಬಾಡಿತ್ತು, ಅದಕ್ಕೆ ದುಡ್ಡು ತಗೊಳ್ಳಲಿಲ್ಲ. ಒಂದು ದಿನದ ಸೊಪ್ಪು ಹೋಯ್ತು, ಅಪ್ಪನ ಇಂಜಿನ್ ಉಳೀತು. ಈಗ ಗಾಡಿ ರಿಪೇರಿಗೆ ನಿಂತರೆ ಸ್ಟೇರಿಂಗಿಗೆ ಒಂದು ರಟ್ಟು ನೇತುಹಾಕ್ತೀನಿ: "ತಳ್ಳಬೇಡಿ ಭಾವ."