ಲ್ಯಾಕ್ಟಿಕ್ ಆಸಿಡ್ ಮೇಲೆ ಹೊರಿಸಿದ ಅಪವಾದ

ಮ್ಯಾರಥಾನ್ ಓಡಿದ ಮರುದಿನ ಬೆಳಗ್ಗೆ ಮಹಡಿ ಮೆಟ್ಟಿಲನ್ನು ಕಂಬಿ ಹಿಡಿದು ಹಿಮ್ಮುಖವಾಗಿ ಇಳಿಯುತ್ತಿದ್ದೆ. ಕೆಳಮನೆಯವರು ನೋಡಿ, ‘ಕಾಲಲ್ಲಿ ಲ್ಯಾಕ್ಟಿಕ್ ಆಸಿಡ್ ತುಂಬ್ಕೊಂಡಿದೆ, ಚೆನ್ನಾಗಿ ತಿಕ್ಕಿಸಿ, ಇಳಿದುಹೋಗುತ್ತೆ’ ಅಂದರು. ಜಿಮ್‌ನಲ್ಲೂ ಪಾರ್ಕ್‌ನಲ್ಲೂ ಇದೇ ಮಾತು. ಪಾಪ, ಅದು ಅಷ್ಟು ಹೊತ್ತು ಅಲ್ಲಿರುವುದೇ ಇಲ್ಲ. ಓಟ ಮುಗಿದ ಒಂದೆರಡು ಗಂಟೆಯೊಳಗೆ ರಕ್ತದ ಲ್ಯಾಕ್ಟೇಟ್ (ದೇಹದಲ್ಲಿ ಲ್ಯಾಕ್ಟಿಕ್ ಆಸಿಡ್ ಇರುವ ರೂಪ) ಮಾಮೂಲಿ ಮಟ್ಟಕ್ಕೆ ಬಂದಿರುತ್ತದೆ. ಹೃದಯ ಅದನ್ನು ಇಂಧನವಾಗಿ ಉರಿಸಿಕೊಳ್ಳುತ್ತದೆ, ಯಕೃತ್ತು ಅದರಿಂದಲೇ ಗ್ಲೂಕೋಸ್ ಮಾಡಿಕೊಳ್ಳುತ್ತದೆ.

ಹಾಗಾದರೆ ನೋವು ಎಲ್ಲಿಯದು? ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತಿ ಇಳಿದವರನ್ನು ಕೇಳಿ. ಏದುಸಿರು ಬರುವುದು ಹತ್ತುವಾಗ. ಮರುದಿನ ತೊಡೆ ಹಿಡಿದುಕೊಳ್ಳುವುದು ಇಳಿದದ್ದಕ್ಕೆ. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಮೈಭಾರವನ್ನು ತಡೆಯುತ್ತಲೇ ಉದ್ದವಾಗಬೇಕು. ಆ ಜಗ್ಗಾಟದಲ್ಲಿ ಅದರ ಎಳೆಗಳು ಅಲ್ಲಲ್ಲಿ ಸೂಕ್ಷ್ಮವಾಗಿ ಹರಿಯುತ್ತವೆ. 42.195 ಕಿ.ಮೀ. ಉದ್ದಕ್ಕೂ ಹೆಜ್ಜೆ ಊರಿದಾಗಲೆಲ್ಲ ನಡೆಯುವುದೂ ಇದೇ. ರಿಪೇರಿ ಶುರುವಾಗಿ ಉರಿಯೂತ ಏರುತ್ತ, 24ರಿಂದ 72 ಗಂಟೆಯೊಳಗೆ ನೋವು ತಾರಕಕ್ಕೇರುತ್ತದೆ. ಎಣ್ಣೆ ಹಚ್ಚಿ ತಿಕ್ಕಿದರೆ ಹಿತವೆನಿಸುತ್ತದೆ, ನಿಜ. ಆದರೆ ಅಲ್ಲಿಂದ ಹೊರಹೋಗುವ ಆಸಿಡ್ ಯಾವುದೂ ಇಲ್ಲ.

ಈ ನಂಬಿಕೆಯಿಂದ ಅಪಾಯವೇನಿಲ್ಲ, ದುಡ್ಡು ಹೋಗಬಹುದು ಅಷ್ಟೆ. ‘ಓಡಿ ಬಂದಿದ್ದೀಯ, ನೀರು ಕುಡಿದಷ್ಟೂ ಒಳ್ಳೆಯದು’ ಅನ್ನುವುದು ಮಾತ್ರ ಹಾಗಲ್ಲ. 2002ರ ಬೋಸ್ಟನ್ ಮ್ಯಾರಥಾನ್‌ನಲ್ಲಿ 488 ಓಟಗಾರರ ರಕ್ತ ಪರೀಕ್ಷಿಸಿದಾಗ ಶೇ. 13ರಷ್ಟು ಮಂದಿಗೆ ಸೋಡಿಯಂ ಕುಸಿದಿತ್ತು. ಓಡುತ್ತ ತೂಕ ಇಳಿಯುವ ಬದಲು ಏರಿದ್ದವರಲ್ಲೇ, ಅಂದರೆ ಬೆವರಿಗಿಂತ ಹೆಚ್ಚು ಕುಡಿದವರಲ್ಲೇ, ಇದು ಜಾಸ್ತಿ. ಸೋಡಿಯಂ ತೀರಾ ಇಳಿದರೆ ಮಿದುಳು ಊದಿಕೊಂಡು ಪ್ರಾಣಕ್ಕೇ ಕುತ್ತು. ಬಾಯಾರಿಕೆ ಹೇಳಿದಷ್ಟು ಕುಡಿಯಿರಿ. ಉಪ್ಪು ಹಾಕಿದ ಮಜ್ಜಿಗೆ, ಅನ್ನ ಸಾರು ಹೊಟ್ಟೆಗೆ ಬೀಳಲಿ. ಸ್ನಾಯುವಿನಲ್ಲಿ ಬರಿದಾದ ಗ್ಲೈಕೋಜನ್ ಎಂಬ ಸಕ್ಕರೆಯ ದಾಸ್ತಾನು ತುಂಬಲು ಹೇಗೂ ಒಂದೆರಡು ದಿನ ಬೇಕು. ಗುರಿ ಮುಟ್ಟಿದ ಕೂಡಲೇ ಐಬುಪ್ರೊಫೆನ್ ಎಂಬ ನೋವಿನ ಮಾತ್ರೆ ನುಂಗುವ ಚಾಳಿಯನ್ನೂ ಬಿಡಿ. ದಣಿದು ನೀರಾರಿದ ಮೂತ್ರಪಿಂಡಕ್ಕೆ ಅದು ಇನ್ನೊಂದು ಪೆಟ್ಟು.

ನನಗೇ ಪಾಠ ಕಲಿಸಿದ್ದು ಮೂರನೆಯ ನಂಬಿಕೆ: ನೋವು ಹೋಯಿತೆಂದರೆ ಮೈ ಸರಿಹೋಯಿತು. ಗಾಯಗೊಂಡ ಸ್ನಾಯುವಿನಿಂದ ರಕ್ತಕ್ಕೆ ಸೋರುವ ಕ್ರಿಯಾಟಿನ್ ಕೈನೇಸ್ ಎಂಬ ಕಿಣ್ವ, ನೋವು ಮರೆತ ಮೇಲೂ ಕೆಲವು ದಿನ ಏರಿಯೇ ಇರುತ್ತದೆ. ನ್ಯೂಜಿಲೆಂಡಿನ ಜ್ಯಾಕ್ ಫಾಸ್ಟರ್, 1974ರ ಕಾಮನ್‌ವೆಲ್ತ್ ಕೂಟದಲ್ಲಿ 41ರ ವಯಸ್ಸಿಗೆ ಬೆಳ್ಳಿ ಗೆದ್ದವರು, ಓಡಿದ ಮೈಲಿಗೊಂದು ದಿನ ಬಿರುಸಿನ ಓಟ ಬೇಡ ಎನ್ನುತ್ತಿದ್ದರು. ಪ್ರಯೋಗಾಲಯದ ಲೆಕ್ಕವಲ್ಲ, ಅನುಭವದ್ದು. ಮ್ಯಾರಥಾನಿಗೆ 26 ದಿನ. ನಡಿಗೆ, ಈಜು, ನಿಧಾನದ ಓಟಕ್ಕೆ ಅಡ್ಡಿಯಿಲ್ಲ.

ನಾನು ಆರನೇ ದಿನವೇ ಜೋರಾಗಿ ಓಡಲು ಹೋದೆ. ಎರಡನೇ ಸುತ್ತಿನಲ್ಲಿ ಮೀನಖಂಡ ಚುಳುಕ್ಕೆಂದಿತು. ಮನೆಗೆ ವಾಪಸ್ಸಾದದ್ದು ಆಟೋದಲ್ಲಿ.