ದುರ್ಬಲಾಮ್ಲವೊಂದರ ಉಪಯುಕ್ತತೆ

ಕೇರಂ ಹಲಗೆಯ ಮೇಲೆ ಕಾಯಿಗಳು ಸರಾಗವಾಗಿ ಜಾರಲೆಂದು ಚೆಲ್ಲುವ ಬಿಳಿಯ ಪುಡಿಯಾಗಿಯೇ ನಮ್ಮಲ್ಲಿ ಬಹುಮಂದಿಗೆ ಪರಿಚಿತವಾದ ಬೋರಿಕ್ ಆಮ್ಲವು ರಸಾಯನಶಾಸ್ತ್ರಜ್ಞನ ಪ್ರಯೋಗಶಾಲೆಯಲ್ಲಿ ಗಂಧಕಾಮ್ಲದಂತಹ ಉಗ್ರಪ್ರತಾಪಿಗಳ ಮಗ್ಗುಲಲ್ಲಿ ಸ್ಥಾನ ಪಡೆದಿರುವುದು ಮುಖ್ಯವಾಗಿ ತನ್ನ ದೌರ್ಬಲ್ಯದ ಬಲದಿಂದಲೇ. ಅಕ್ಕಸಾಲಿಗರು ಬೆಸುಗೆಗೆ ಬಳಸುವ ಬಿಳಿಗಾರದಿಂದ 1702ರಲ್ಲಿ ಇದನ್ನು ಸಿದ್ಧಪಡಿಸಿದ ವಿಲ್‌ಹೆಲ್ಮ್ ಹೊಂಬರ್ಗನು ಇದನ್ನು ಶಾಮಕ ಲವಣವೆಂದು ಕರೆದನು. ಸಾಮಾನ್ಯ ಆಮ್ಲಗಳಂತೆ ಇದು ತನ್ನ ಜಲಜನಕವನ್ನು ನೀರಿಗೆ ಬಿಟ್ಟುಕೊಡುವುದಿಲ್ಲ. ಇದರ ಬೋರಾನ್ ಪರಮಾಣುವು ನೀರಿನಿಂದ ಹೈಡ್ರಾಕ್ಸಿಲ್ ಅಯಾನೊಂದನ್ನು ಸೆಳೆದುಕೊಳ್ಳಲಾಗಿ, ಉಳಿದ ಜಲಜನಕದ ಅಯಾನಿನಿಂದ ದ್ರಾವಣಕ್ಕೆ ಅಲ್ಪಸ್ವಲ್ಪ ಆಮ್ಲತ್ವವುಂಟಾಗುತ್ತದೆ.

ಈ ಸ್ವಭಾವದ ಪ್ರಯೋಜನವು ಪ್ರೋಟೀನಿನ ಪರೀಕ್ಷೆಯಲ್ಲಿ ಸ್ಪಷ್ಟವಾಗಿ ಕಾಣುವುದು. ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಶಾಲೆಯ ಯೋಹಾನ್ ಕೆಲ್ಡಾಲ್ 1883ರಲ್ಲಿ ಪ್ರಕಟಿಸಿದ ವಿಧಾನದಂತೆ, ಧಾನ್ಯವನ್ನೋ ಹಾಲನ್ನೋ ತೀಕ್ಷ್ಣವಾದ ಗಂಧಕಾಮ್ಲದಲ್ಲಿ ಕುದಿಸಿದರೆ ಅದರಲ್ಲಿನ ಸಾರಜನಕವು ಅಮೋನಿಯಂ ಲವಣವಾಗಿ ಪರಿಣಮಿಸುತ್ತದೆ. ಬಳಿಕ ಕ್ಷಾರವನ್ನು ಸೇರಿಸಿ ಬಟ್ಟಿ ಇಳಿಸಿದಾಗ ಅಮೋನಿಯಾ ಹೊರಬರುತ್ತದೆ. ಮೊದಲು ಈ ಅನಿಲವನ್ನು ಕರಾರುವಾಕ್ಕಾಗಿ ಅಳೆದಿಟ್ಟ ಪ್ರಬಲಾಮ್ಲದಲ್ಲಿ ಹಿಡಿದು, ಮಿಕ್ಕ ಆಮ್ಲವನ್ನು ಕ್ಷಾರದಿಂದ ಅಳೆಯುತ್ತಿದ್ದರು. 1913ರಲ್ಲಿ ಹಂಗೆರಿಯ ವಿಂಕ್ಲರನು ಆ ಸ್ಥಳದಲ್ಲಿ ಬೋರಿಕ್ ಆಮ್ಲವನ್ನಿರಿಸಿದನು. ಇದು ಅಮೋನಿಯಾವನ್ನು ಹಿಡಿದಿಡುವುದಕ್ಕೆ ಸಾಕಾಗುವಷ್ಟು ಆಮ್ಲ; ಆದರೆ ಮುಂದೆ ಹೈಡ್ರೋಕ್ಲೋರಿಕ್ ಆಮ್ಲವನ್ನು ಬ್ಯೂರೆಟ್ಟಿನಿಂದ ಹನಿಹನಿಯಾಗಿ ಬಿಟ್ಟಾಗ, ಇಟ್ಟ ಒಡವೆಯನ್ನು ಚಕಾರವೆತ್ತದೆ ಹಿಂದಿರುಗಿಸುವ ನೆರೆಯವನಂತೆ, ಅದನ್ನು ಪೂರ್ತಿಯಾಗಿ ಒಪ್ಪಿಸಿಬಿಡುವಷ್ಟು ದುರ್ಬಲ. ಸೂಚಕದ ಬಣ್ಣವನ್ನೂ ಕೆಡಿಸದು. ಆದುದರಿಂದ ಬೋರಿಕ್ ಆಮ್ಲವನ್ನು ನಿಖರವಾಗಿ ಅಳೆಯುವ ಗೋಜಿಲ್ಲ, ಸಾಕಷ್ಟಿದ್ದರಾಯಿತು. ಅಳೆಯಬೇಕಾದ ದ್ರಾವಣ ಒಂದೇ. ದಶಾಂಶ ನಾರ್ಮಲ್ ಆಮ್ಲದ ಒಂದೊಂದು ಮಿಲಿಲೀಟರಿಗೆ 1.4 ಮಿಲಿಗ್ರಾಂ ಸಾರಜನಕವೆಂದು ಲೆಕ್ಕಹಾಕಿ, ಸಾಮಾನ್ಯವಾಗಿ 6.25ರಿಂದಲೂ ಹಾಲಿಗಾದರೆ 6.38ರಿಂದಲೂ ಗುಣಿಸಿ ಪ್ರೋಟೀನಿನ ಮೊತ್ತವನ್ನು ಕಂಡುಕೊಳ್ಳುವರು. ಬೋರಿಕ್ ದ್ರಾವಣವು ಬಿಸಿಯೇರಿದರೆ ಅಮೋನಿಯಾ ತಪ್ಪಿಸಿಕೊಳ್ಳುವುದರಿಂದ ಪಾತ್ರೆಯನ್ನು ತಣ್ಣಗಿಡುವುದು ಮಾತ್ರ ಅವಶ್ಯ.

ಈ ಲೆಕ್ಕಾಚಾರ ಅಳೆಯುವುದು ಸಾರಜನಕವನ್ನು, ಪ್ರೋಟೀನನ್ನಲ್ಲ. ಸಾರಜನಕ ಹೇರಳವಾಗಿರುವ ಮೆಲಮೀನನ್ನು ಹಾಲಿಗೆ ಬೆರೆಸಿ ಪರೀಕ್ಷೆಯನ್ನೇ ವಂಚಿಸಿದ ಚೀನದ ದುಷ್ಕೃತ್ಯ 2008ರಲ್ಲಿ ಬಯಲಾಗುವಷ್ಟರಲ್ಲಿ ಲಕ್ಷಾಂತರ ಶಿಶುಗಳು ಅಸ್ವಸ್ಥರಾಗಿದ್ದರು. ಅಪರಾಧ ವಂಚಕರದು, ವಿಧಾನಕ್ಕೊಂದು ಮಿತಿಯಿದ್ದುದೂ ನಿಜ.

ಇದೇ ಆಮ್ಲವನ್ನು ಸ್ವತಃ ಅಳೆಯಹೊರಟರೆ ಅದರ ದೌರ್ಬಲ್ಯವೇ ತೊಡಕಾಗುವುದು: ಕ್ಷಾರವನ್ನೆಷ್ಟು ಹಾಕಿದರೂ ಅಂತ್ಯಬಿಂದು ತಿಳಿಯಾಗಿ ಗೋಚರಿಸದು. ಆಗ ಮ್ಯಾನಿಟಾಲ್ ಎಂಬ ಸಿಹಿಪದಾರ್ಥವನ್ನು ಬೆರೆಸಲು, ಅದರೊಡನೆ ಸಂಯೋಗಗೊಂಡ ಬೋರಿಕ್ ಆಮ್ಲವು ಬಲಿಷ್ಠವಾಗಿ ನಿರಾಯಾಸವಾಗಿ ಅಳತೆಗೆ ಸಿಕ್ಕುವುದು. ವಂಶವಾಹಿಯ ಡಿಎನ್ಎ ತುಂಡುಗಳನ್ನು ವಿದ್ಯುತ್ತಿನಿಂದ ಬೇರ್ಪಡಿಸುವ ಪ್ರಯೋಗಗಳಲ್ಲಿಯೂ ಟ್ರಿಸ್ ಎಂಬ ಕ್ಷಾರದೊಡನೆ ಇದನ್ನು ಕೂಡಿಸಿ, ದ್ರಾವಣದ ಆಮ್ಲಕ್ಷಾರಗಳ ಸಮತೋಲವನ್ನು ಕಾಪಾಡುವರು. ಸಕ್ಕರೆಯ ಜಾತಿಯ ಅಣುಗಳಿಗೆ ಅಂಟಿಕೊಳ್ಳುವ, ಈ ಆಮ್ಲದಿಂದುಂಟಾದ ಬೋರೇಟಿನ ಗುಣವು ಮುಂದಿನ ಕಿಣ್ವಕ್ರಿಯೆಗಳಿಗೆ ಅಡ್ಡಿಯಾಗಬಹುದಾದ್ದರಿಂದ, ಅಂತಹಲ್ಲಿ ಬೇರೆ ದ್ರಾವಣವೇ ಲೇಸು.

ಆಮ್ಲವಾಗಿ ದುರ್ಬಲವಾದ ಮಾತ್ರಕ್ಕೆ ಇದು ದೇಹಕ್ಕೆ ನಿರಪಾಯಕಾರಿಯೆಂದು ಭಾವಿಸಲಾಗದು. ಸಂತಾನಶಕ್ತಿಗೆ ಹಾನಿಕರವೆಂದು ಐರೋಪ್ಯ ಒಕ್ಕೂಟವು 2010ರಲ್ಲಿ ಇದನ್ನು ವಿಶೇಷ ಕಾಳಜಿಯ ಪದಾರ್ಥಗಳ ಪಟ್ಟಿಗೆ ಸೇರಿಸಿತು. ಮನೆಯಲ್ಲಿ ಇದರ ಪೊಟ್ಟಣವಿದ್ದರೆ ಮಕ್ಕಳ ಕೈಗೆಟುಕದಂತೆಯೂ ಅಡುಗೆಯ ಸಾಮಗ್ರಿಗಳಿಂದ ದೂರವಾಗಿಯೂ ಇರಿಸತಕ್ಕದ್ದು.